ಬ್ರೋಮೋಫಾರ್ಮಿನ ಕಾರಣಿಕ

ಆಗಸ್ಟ್ 18, 2003, ಸೋಮವಾರ. ಹಿರೇಹಡಗಲಿ

ಓಝೋನ್ ದಿನಕ್ಕೆ ವಿಜ್ಞಾನ ನಾಟಕ ಸ್ಪರ್ಧೆ. ಈ ಸಲ ನಮ್ಮ ಶಾಲೆಯ ಮೈದಾನದಲ್ಲೇ. ನಾಟಕ ಬರೆಯುವ, ಆಡಿಸುವ, ಗೆಲ್ಲಿಸುವ ಹೊಣೆ ನನ್ನದು ಎಂದು ಮುಖ್ಯೋಪಾಧ್ಯಾಯ ಸೋಮಪ್ಪನವರು ಬೆಳಗಿನ ಪ್ರಾರ್ಥನೆಯಲ್ಲೇ ಘೋಷಿಸಿಬಿಟ್ಟರು. ಒಲ್ಲೆ ಎನ್ನಲು ಬಾಯಿ ತೆರೆದೆ. ರಾಷ್ಟ್ರಗೀತೆ ಶುರುವಾಯಿತು.

ಎಲ್ಲ ಶಾಲೆಗಳೂ ಪ್ರತಿವರ್ಷ ಒಂದೇ ನಾಟಕ ಆಡುತ್ತವೆ. ರಟ್ಟಿನ ಫ್ರಿಜ್ಜಿನೊಳಗಿಂದ ಕೊಂಬಿನ ರಾಕ್ಷಸ ಹೊರಬಂದು, ಬಿಳಿ ಸೀರೆಯ ಓಝೋನ್ ತಾಯಿಯ ಸೆರಗು ಹರಿಯುತ್ತಾನೆ. ನನಗೆ ಅದು ಬೇಡ. ನನ್ನ ಗಂಡ ಕಾಂತೇಶ್ ಹೊಸಪೇಟೆಗೆ ಬ್ಯಾಂಕಿನ ಕೆಲಸಕ್ಕೆ ಹೋದಾಗ ತಂದುಕೊಟ್ಟ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಲೇಖನವಿತ್ತು. ಕಡಲ ಪಾಚಿಯಿಂದ ಬ್ರೋಮೋಫಾರ್ಮ್ ಎಂಬ ಅನಿಲ ಹೊರಡುತ್ತದೆ. ಗಾಳಿಯಲ್ಲಿ ಅದರ ಆಯುಷ್ಯ ಬರೀ ಎರಡು ಮೂರು ವಾರ. ಆದರೂ ಅದರ ಬ್ರೋಮಿನ್ ಹದಿನಾರು ಹದಿನೇಳು ಕಿಲೋಮೀಟರ್ ಎತ್ತರದ ಸಮೋಷ್ಣ ಮಂಡಲ ತಲುಪಿ ಓಝೋನನ್ನು ಕೆಡಿಸುತ್ತದೆ. ಅಷ್ಟು ಕಡಿಮೆ ಬದುಕಿನಲ್ಲಿ ಅಷ್ಟು ಮೇಲಕ್ಕೆ ಹೇಗೆ? ನಾನು ಆ ಪುಟವನ್ನು ಮೂರು ಸಲ ಓದಿದೆ.

ಯಾರಿಗೂ ಅರ್ಥವಾಗದ್ದನ್ನು ಆರಿಸಿ ಜಾಣೆ ಎನ್ನಿಸಿಕೊಳ್ಳುವ ಚಪಲವೇ ಇದು? ಸ್ವಲ್ಪ ಇರಬಹುದು.

ನಾನು ಅರ್ಜಿ ಹಾಕಿದ್ದ ದಾವಣಗೆರೆಯ ಇಂಗ್ಲಿಷ್ ಮಾಧ್ಯಮ ಶಾಲೆಯಿಂದ ಫೋನ್ ಬಂದಿತ್ತು. ಸೆಪ್ಟೆಂಬರ್ ಇಪ್ಪತ್ತಕ್ಕೆ ಸಂದರ್ಶನ. ಅಲ್ಲಿ ಸಿಕ್ಕರೆ ಕನ್ನಡದಲ್ಲಿ ಒಂದೊಂದು ಪದಕ್ಕೂ ತಡಕಾಡುವುದು ತಪ್ಪುತ್ತದೆ. ಈ ಊರಿನಲ್ಲಿ ನಾನು ಪಾಠ ಮಾಡುವಾಗ ಮಕ್ಕಳು ಕಿಟಕಿಯಾಚೆ ಮೇಕೆಗಳನ್ನು ನೋಡುತ್ತಾರೆ. ಮೇಕೆಗಳು ನನ್ನನ್ನು ನೋಡುತ್ತವೆ.

ಆಗಸ್ಟ್ 23, ಶನಿವಾರ

ಸೋಮಪ್ಪನವರಿಗೆ ಕಥೆ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಹೋದರೇನೋ ಅಂದುಕೊಂಡೆ.

"ಸಮುದ್ರ ಎಲ್ಲೈತ್ರಿ ಮೇಡಂ ಹಡಗಲಿ ತಾಲೂಕಿನ್ಯಾಗ?"

"ಗಾಳಿ ಎಲ್ಲ ಕಡೆಯದೂ ಒಂದೇ ಸರ್."

"ತುಂಗಭದ್ರಾ ಸಾಲಂಗಿಲ್ಲೇನು? ಹೊಳ್ಯಾಗೂ ಪಾಚಿ ಐತಿ."

"ಅದು ಉಪ್ಪುನೀರಲ್ಲ ಸರ್."

"ಆತ್ರಿ. ರಾಕ್ಷಸ ಯಾವಾಗ ಬರ್ತಾನ?"

ರಾಕ್ಷಸ ಇಲ್ಲ ಎಂದೆ. ಅವರು ಪೂರ್ತಿ ಕಣ್ಣು ತೆರೆದರು. "ರಾಕ್ಷಸ ಇಲ್ದ ನಾಟಕಕ್ಕ ನಮ್ಮ ಮಂದಿ ಕೈ ತಟ್ಟಂಗಿಲ್ರಿ. ಹೋಗ್ಲಿ, ಯಾರರೆ ಅಳೋದು ಐತೇನು?"

ಅಳುವುದೂ ಇಲ್ಲ. ಒಟ್ಟಿನಲ್ಲಿ ಒಪ್ಪಿದರು. ಒಪ್ಪಿದರೋ, ಕೈಬಿಟ್ಟರೋ.

ಆಗಸ್ಟ್ 29, ಶುಕ್ರವಾರ

ಲೈನ್‌ಮನ್ ಹತ್ತಿರ ಎತ್ತರದ ಬಿದಿರೇಣಿ ಕೇಳಿ ತಂದೆವು. ಏಣಿಯ ಬುಡ ಕಡಲು, ತುದಿ ಸಮೋಷ್ಣ ಮಂಡಲ. ಒಂಬತ್ತನೆಯ ತರಗತಿಯ ಶೃತಿ ಬ್ರೋಮೋಫಾರ್ಮ್. ಮೂರು ಮೆಟ್ಟಿಲೇರಿ ಅತ್ತಳು. ಸೋಮಪ್ಪನವರು ಕೇಳಿದ ಅಳು ಹೀಗೆ ಸಿಕ್ಕಿತು. ಹುಡುಗರು ಏರಲು ನಾ ಮುಂದು ತಾ ಮುಂದು ಎನ್ನುತ್ತಾರೆ, ಆದರೆ ಎಲ್ಲರೂ ಮೇಲಿಂದ ಜಿಗಿಯುತ್ತಾರೆ.

ಏಣಿ ಹಿಡಿದು ನಿಂತಿದ್ದ ಜವಾನ ಮೈಲಪ್ಪ ಹೇಳಿದ: "ನಾ ಹತ್ತಲೇನ್ರಿ ಅಕ್ಕೋರ? ಎತ್ತರ ಅಂದ್ರ ನಮ್ಮ ಮನಿತನಕ್ಕ ರೂಢಿ ಐತಿ."

ಎತ್ತರದ ರೂಢಿ ಯಾಕೆಂದು ನಾನು ಕೇಳಲಿಲ್ಲ. ಅವನು ಗೊರವರ ಮನೆಯವನು, ಹಣೆಗೆ ಯಾವಾಗಲೂ ಅರಿಸಿನದ ಭಂಡಾರ ಹಚ್ಚಿಕೊಂಡಿರುತ್ತಾನೆ, ಮೈಲಾರಲಿಂಗನ ಭಕ್ತ. ಇಷ್ಟು ಗೊತ್ತಿತ್ತು. ಸಾಕು ಅಂದುಕೊಂಡೆ.

ನಿಯಮದ ಪ್ರಕಾರ ಪಾತ್ರಧಾರಿಗಳು ವಿದ್ಯಾರ್ಥಿಗಳೇ ಆಗಿರಬೇಕು. ಸೋಮಪ್ಪನವರು ಸುತ್ತೋಲೆಯನ್ನು ಎರಡೂ ಬದಿ ನೋಡಿದರು. "ರಂಗಸಜ್ಜಿಕೆ ಬಗ್ಗೆ ಏನೂ ಬರದಿಲ್ರಿ. ಮೈಲಪ್ಪ ಏಣೀದ ಒಂದು ಭಾಗ ಅಂತ ತಿಳಕೊಂಡ್ರಾತು."

ಸೆಪ್ಟೆಂಬರ್ 4, ಗುರುವಾರ

ನಾನು ಬರೆದ ಮಾತು: "ನಾನು ಬ್ರೋಮೋಫಾರ್ಮ್. ನನ್ನ ಆಯುಷ್ಯ ಕೆಲವೇ ವಾರಗಳು. ಉಷ್ಣವಲಯದ ಗುಡುಗುಮೋಡಗಳ ಊರ್ಧ್ವಚಲನೆಯ ನೆರವಿನಿಂದ ನಾನು ಸಮೋಷ್ಣ ಮಂಡಲವನ್ನು ತಲುಪಿರುತ್ತೇನೆ."

ಮೈಲಪ್ಪ ಇದನ್ನು ಪಂಚಾಯ್ತಿ ಡಂಗುರದ ಹಾಗೆ ಹೇಳುತ್ತಾನೆ. ನಡುವೆ ನಿಂತು ಕೇಳಿದ, "ತಲುಪಿರುತ್ತೇನೆ ಅಂದ್ರ ಮುಟ್ಟೀನೋ ಇಲ್ಲೋ ಅಕ್ಕೋರ?"

"ಬಹುಶಃ ಮುಟ್ಟಿದ್ದೀಯ."

"ಏಣಿ ತುದ್ಯಾಗ ನಿಂತು ಬಹುಶಃ ಅನ್ನಾಕ ಬರಂಗಿಲ್ರಿ. ಮಂದಿ ಕಲ್ಲು ಒಗೀತಾರ. ಆತು, ಮುಟ್ಟಿದ ಮ್ಯಾಲೆ ಏನ್ ಮಾಡ್ಲಿ?"

"ಬಿಸಿಲಿಗೆ ಒಡೆದು ಬ್ರೋಮಿನ್ ಆಗಿ ಓಝೋನನ್ನು ನಾಶಮಾಡಬೇಕು."

"ಇಷ್ಟು ಚಂದ ಏರ್ಸಿ ಇಂಥಾ ಕೆಲಸ ಹಚ್ತೀರಲ್ರಿ!"

ನೊಂದುಕೊಂಡಂತೆ ಕಂಡ. ಮನೆಗೆ ಬಂದ ಮೇಲೂ ಆ ವಾಕ್ಯವನ್ನು ಹಿಂದೆ ಮುಂದೆ ತಿರುಗಿಸಿದೆ. 'ತಲುಪಿರುತ್ತೇನೆ' ತೆಗೆಯಲು ಮನಸ್ಸು ಬರಲಿಲ್ಲ. ಎಷ್ಟು ತಲುಪುತ್ತದೆ ಎಂದು ವಿಜ್ಞಾನಿಗಳಿಗೇ ಸರಿಯಾಗಿ ಗೊತ್ತಿಲ್ಲ.

ಸೆಪ್ಟೆಂಬರ್ 11, ಗುರುವಾರ

ದಾರಿಯಲ್ಲೇ ಒಡೆದು ಹೊರಬಿದ್ದ ಬ್ರೋಮಿನ್ ಮಳೆಹನಿಯಲ್ಲಿ ಕರಗಿ ಕೆಳಗೆ ಬರುತ್ತದೆ. ಇದನ್ನು ತೋರಿಸಲು ನಾಲ್ವರು ಹುಡುಗರು ಮಳೆಹನಿಗಳಾದರು. ಅರ್ಧ ಏಣಿಯಲ್ಲಿದ್ದ ಮೈಲಪ್ಪನನ್ನು ಎಳೆಯಿರಿ ಎಂದೆ. ಪಂಚೆ ಎಳೆದರು.

ಮಳೆಯನ್ನು ನಾಟಕದಿಂದ ತೆಗೆಯಲಾಗಿದೆ.

ಸೆಪ್ಟೆಂಬರ್ 16, ಮಂಗಳವಾರ

ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ. ಇಲ್ಲದಿದ್ದರೆ ನಾಳೆ ನಾನೇ ನಂಬಲಾರೆ.

ನಮಗಿಂತ ಮೊದಲು ನಾಲ್ಕು ಶಾಲೆ, ಮೂರು ಫ್ರಿಜ್ ರಾಕ್ಷಸರು. ಒಬ್ಬ ರಾಕ್ಷಸ ರಟ್ಟಿನೊಳಗೇ ಸಿಕ್ಕಿಹಾಕಿಕೊಂಡ. ಓಝೋನ್ ತಾಯಿಯೇ ಕತ್ತರಿ ತಂದು ಬಿಡಿಸಿದಳು. ಆಮೇಲೆ ಎಲ್ಲ ಪಾತ್ರಧಾರಿಗಳಿಗೆ ಉಪ್ಪಿಟ್ಟು. ನಂತರ ನಾವು.

ಹಸಿರು ರಿಬ್ಬನ್ನಿನ ಪಾಚಿಗಳು ತೂಗಿದವು. ಬೂದು ಬೆಡ್‌ಶೀಟಿನ ಗುಡುಗುಮೋಡ ತಗಡು ಬಡಿಯುತ್ತ ಬಂತು. ಮೈಲಪ್ಪ ಏಣಿ ಏರಿದ. ಕೈ ಹಿಡಿಯಲೇ ಇಲ್ಲ, ಅಂಗಳದಲ್ಲಿ ನಡೆದಂತೆ ಏರಿದ. ತುದಿಯಲ್ಲಿ ನೆಟ್ಟಗೆ ನಿಂತ. ನಾನು ಪರದೆಯ ಹಿಂದೆ "ನಾನು ಬ್ರೋಮೋಫಾರ್ಮ್" ಎಂದು ಪಿಸುಗುಟ್ಟಿದೆ.

ಅವನು ಹೇಳಲಿಲ್ಲ. ಆಕಾಶ ನೋಡಿದ. ಮೈದಾನ ತುಂಬ ಇದ್ದ ಜನರನ್ನು ನೋಡಿದ. ಜನ ಅವನನ್ನು ನೋಡಿದರು. ಬಲಗೈ ಮೇಲೆತ್ತಿದ.

"ಸದ್ದಲೇ!"

ಇಷ್ಟು ವರ್ಷದಲ್ಲಿ ನನ್ನ ಯಾವ ತರಗತಿಯಲ್ಲೂ ಅಂಥ ಮೌನ ಕೇಳಿಲ್ಲ. ತಗಡು ನಿಂತಿತು. ಮೈಕಿನವನು ಮೈಕು ಆರಿಸಿದ. ತೀರ್ಪುಗಾರರಲ್ಲಿ ಇಬ್ಬರು ಚಪ್ಪಲಿ ಬಿಟ್ಟು ಎದ್ದು ನಿಂತರು.

"ಕಡಲ ಉಸುರು ಮುಗಿಲ ಮುಟ್ಟೀತಲೇ ಪರಾಕ್!"

ಎಂದವನೇ ಬೆನ್ನ ಹಿಂದಕ್ಕೆ ಬಿದ್ದ. ಮರದ ಕೊರಡು ಬೀಳುವ ಹಾಗೆ ನೇರವಾಗಿ. ನಾನು ಕಿರುಚುವ ಮೊದಲೇ ಕೆಳಗೆ ಹತ್ತಾರು ಜೋಡಿ ಕೈಗಳಿದ್ದವು. ಯಾವಾಗ ಬಂದರೋ, ಯಾರು ಹೇಳಿದರೋ. ಅವನು ಹಾಸಿಗೆಯ ಮೇಲೆ ಮಲಗಿದಂತೆ ಇಳಿದ.

"ಏನಿದು ಮೈಲಪ್ಪ?" ಎಂದೆ.

"ಗೊತ್ತಿಲ್ರಿ ಅಕ್ಕೋರ. ಮ್ಯಾಲೆ ನಿಂತೆ, ಮಂದಿ ನೋಡಿದ್ರು, ಬಾಯಿ ತಾನಾ ತೆಗೀತು. ನಿಮ್ಮ ಮಾತ ಹೇಳೀನ್ರಿ. ಸ್ವಲ್ಪ ಸಣ್ಣದು ಮಾಡೀನಿ, ಅಷ್ಟ."

ಸೋಮಪ್ಪನವರು ನನ್ನನ್ನು ಕೂರಿಸಿ ವಿವರಿಸಿದರು. ವರ್ಷಕ್ಕೊಮ್ಮೆ ಮೈಲಾರದಲ್ಲಿ ಗೊರವಯ್ಯ ಉಪವಾಸವಿದ್ದು, ಭಕ್ತರು ಹಿಡಿದು ನಿಲ್ಲಿಸಿದ ಎತ್ತರದ ಮರದ ಬಿಲ್ಲನ್ನೇರಿ, ಸದ್ದಲೇ ಎಂದು ಜನರನ್ನು ಸುಮ್ಮನಾಗಿಸಿ, ಒಂದೇ ಮಾತು ನುಡಿದು ಕೆಳಗೆ ಬೀಳುತ್ತಾನೆ. ಅದು ಕಾರಣಿಕ. ಮುಂದಿನ ವರ್ಷದ ಮಳೆ ಬೆಳೆಯನ್ನು ಜನ ಅದರಿಂದ ತಿಳಿಯುತ್ತಾರೆ. ಬಿಲ್ಲು ಹಿಡಿಯುವವರಲ್ಲೂ ಹಿಂದೆ ಏರಿದವರಲ್ಲೂ ಮೈಲಪ್ಪನ ಮನೆಯವರಿದ್ದಾರೆ. ನಾನು ಕೊಟ್ಟೂರಿನಲ್ಲಿ ಹುಟ್ಟಿದವಳು. ಹೆಸರು ಬೇರೆ ಈ ಸೀಮೆಯ ಸಿದ್ಧನದೇ, ಮರುಳಸಿದ್ದಮ್ಮ. ಬಳ್ಳಾರಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಡ್ಯಾಫೊಡಿಲ್ ಹೂವಿನ ಬಗ್ಗೆ ಓದಿದೆ, ಹುಟ್ಟೂರಿಂದ ಮೂವತ್ತು ನಲವತ್ತು ಮೈಲಿ ದೂರದ ಕಾರಣಿಕವನ್ನು ಪತ್ರಿಕೆಯ ಚಿತ್ರದಲ್ಲಷ್ಟೇ ನೋಡಿದೆ.

ನಮಗೆ ಎರಡನೆಯ ಬಹುಮಾನ. ಮೊದಲನೆಯದು ಕತ್ತರಿಯಿಂದ ಬಿಡಿಸಿಕೊಂಡ ರಾಕ್ಷಸನಿಗೆ.

ಸೆಪ್ಟೆಂಬರ್ 17, ಬುಧವಾರ

ಊರೆಲ್ಲ ಅದೇ ಮಾತು. ಹೋಟೆಲಿನಲ್ಲಿ ಒಬ್ಬರು, "ಕಡಲ ಉಸುರು ಅಂದ್ರ ಮೋಡ. ಹಿಂಗಾರಿ ಜೋರೈತಿ." ಇನ್ನೊಬ್ಬರು, "ಅಲ್ಲಲೇ, ಕಡಲು ಅಂದ್ರ ಉಪ್ಪು. ಉಪ್ಪಿನ ರೇಟು ಮುಗಿಲು ಮುಟ್ಟತೈತಿ." ಮಧ್ಯಾಹ್ನದ ಹೊತ್ತಿಗೆ ಕಿರಾಣಿ ಅಂಗಡಿಯಲ್ಲಿ ಉಪ್ಪು ಖಾಲಿ. ಕಾಂತೇಶ್ ಸಂಜೆ ಎರಡು ಪ್ಯಾಕೆಟ್ ತಂದರು. "ನೀನೇ ಬರೆದದ್ದು ಅಂತ ಗೊತ್ತು. ಆದರೂ ಇರಲಿ," ಎಂದರು.

ಇದನ್ನೆಲ್ಲ ಬರೆದು ನಗುತ್ತಿದ್ದೆ. ಅಷ್ಟರಲ್ಲಿ ಮೈಲಪ್ಪನ ತಾಯಿ ಬೊಮ್ಮಮ್ಮ ಬಂದರು. ಒಳಗೆ ಬರಲಿಲ್ಲ. ಹೊಸಿಲಾಚೆ ನಿಂತರು.

"ಏನವ್ವ ಟೀಚರಮ್ಮ, ನಿನಗ ಏರ್ಸಾಕ ನನ್ನ ಮಗನಾ ಸಿಕ್ಕನಾ? ಊರಾಗ ತೆಂಗಿನ ಮರ ಏರೋರು ಇರ್ಲಿಲ್ಲಾ?"

ಅದು ನಾಟಕ ಎಂದೆ.

"ನಾಟಕ ನಿನಗ. ಗೊರವ ಏರಿ ನಿಂತ ಮ್ಯಾಲೆ ಏಣಿ ಏಣಿಯಾಗಿ ಉಳೀತೈತೇನು?"

ಹಿರಿಯ ಗೊರವ ಬೆನಕಪ್ಪನವರು ಭಾನುವಾರ ಗುಡಿಕಟ್ಟೆಗೆ ಮೈಲಪ್ಪನನ್ನು ಕರೆದಿದ್ದಾರಂತೆ. ಹೊತ್ತಲ್ಲದ ಹೊತ್ತಿನಲ್ಲಿ, ಉಪವಾಸವಿಲ್ಲದೆ ನುಡಿದಿದ್ದಾನೆ. ತಪ್ಪು ಎಂದಾದರೆ ಕಂಬಳಿ ಇಳಿಸುತ್ತಾರೆ. ಕರಿ ಕಂಬಳಿ ಹೋದರೆ ಅವನು ಗೊರವನಲ್ಲ. ಬಿಲ್ಲನ್ನೂ ಮುಟ್ಟುವಂತಿಲ್ಲ.

"ಅವರಪ್ಪನ ಕಂಬಳಿ ಅದು," ಎಂದು ಹೇಳಿ ಬೊಮ್ಮಮ್ಮ ಹೋದರು.

ಸೆಪ್ಟೆಂಬರ್ 19, ಶುಕ್ರವಾರ

ಮೈಲಪ್ಪ ಶಾಲೆಗೇನೋ ಬರುತ್ತಾನೆ. ತಾಯಿ ಅವನೊಂದಿಗೆ ಕೂತು ಉಣ್ಣುತ್ತಿಲ್ಲವಂತೆ.

ಭಾನುವಾರ ನಾನೂ ಬರುತ್ತೇನೆ ಎಂದೆ. "ಬ್ಯಾಡ್ರಿ ಅಕ್ಕೋರ, ನೀವು ಬಹುಶಃ ಬಹುಶಃ ಅಂತೀರಿ," ಎಂದ.

ಸಾಯಂಕಾಲ ಲೇಖನವನ್ನು ಮತ್ತೆ ಓದಿದೆ. ಅದರಲ್ಲೂ ಬಹುಶಃ ತುಂಬಾ ಇದೆ.

ಸೆಪ್ಟೆಂಬರ್ 21, ಭಾನುವಾರ

ಬೇವಿನ ಮರ, ಕಟ್ಟೆ, ಕರಿ ಕಂಬಳಿಯ ಏಳೆಂಟು ಹಿರಿಯರು. ನಡುವೆ ಬೆನಕಪ್ಪನವರು, ದಪ್ಪ ಕನ್ನಡಕ. ಬೊಮ್ಮಮ್ಮ ಮಗನಿಗೆ ಬೆನ್ನು ತಿರುಗಿಸಿ ಕೂತಿದ್ದರು. ಸೋಮಪ್ಪನವರು ನನಗೆ ಧೈರ್ಯ ಹೇಳಲು ಬಂದು ನನ್ನ ಹಿಂದೆ ನಿಂತರು.

"ಉಪಾಸ ಇಲ್ಲ, ವ್ರತ ಇಲ್ಲ," ಎಂದು ಬೆನಕಪ್ಪನವರು ಶುರುಮಾಡಿದರು. "ಉಪ್ಪಿಟ್ಟು ತಿಂದು ಏರ್ಯಾನಂತ. ಖರೇ ಏನಲೇ?"

"ಖರೇ ರೀ. ಎಲ್ಡು ಪ್ಲೇಟು."

"ಅದೂ ಹೇಳ್ಬೇಕಿತ್ತೇನಲೇ ಮೂಳ!" ಎಂದರು ಬೊಮ್ಮಮ್ಮ, ಬೆನ್ನು ತಿರುಗಿಸಿಕೊಂಡೇ.

ಬೆನಕಪ್ಪನವರು ನನ್ನ ಕಡೆ ನೋಡಿದರು. "ತಾಯಿ, ನಮ್ಮದು ಇಷ್ಟ. ಏರಿ ಆಡಿದ ಮಾತು ಸುಳ್ಳಿದ್ರ ಕಂಬಳಿ ಇಳೀತೈತಿ. ಖರೇ ಇದ್ರ ಬ್ಯಾರೆ ವಿಚಾರ. ನೀವು ಓದಿದೋರು, ಹೇಳ್ರಿ. ಕಡಲ ಉಸುರು ಮುಗಿಲು ಮುಟ್ಟತೈತೋ ಇಲ್ಲೋ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹಿಂದಿನಿಂದ ಸೋಮಪ್ಪನವರು, "ಹೌದು ಅನ್ರಿ ಮೇಡಂ, ಹೌದು ಅನ್ರಿ," ಎಂದು ಉಸುರುತ್ತಿದ್ದರು.

"ಸ್ವಲ್ಪ ಮುಟ್ಟುತ್ತದೆ," ಎಂದೆ.

ಮೈಲಪ್ಪ ಕಣ್ಣು ಮುಚ್ಚಿದ.

"ಸ್ವಲ್ಪ ಅಂದ್ರ?"

"ಅಲ್ಲಿ ಲಕ್ಷ ಕೋಟಿ ಗಾಳಿಯ ಕಣ ಎಣಿಸಿದರೆ ಕಡಲಿನ ಬ್ರೋಮಿನ್ ನಾಲ್ಕೋ ಐದೋ. ಇನ್ನೂ ಕಡಿಮೆಯೂ ಇರಬಹುದು."

"ನಮ್ಮ ಮೈಲಾರಲಿಂಗನ ಜೈಕಾರದಾಗ ಬರೇ ಏಳು ಕೋಟಿ," ಎಂದರು ಒಬ್ಬ ಹಿರಿಯರು. "ಇವರದು ಲಕ್ಷ ಕೋಟಿಯಂತ ನೋಡ್ರಲೇ!" ಎಲ್ಲರೂ ನಕ್ಕರು. ನಾನೂ ನಕ್ಕೆ. ನಗಬಾರದಿತ್ತೇನೋ.

"ಎಲ್ಡು ಮೂರು ವಾರದಾಗ ಸಾಯೋದು ಅಷ್ಟು ಮ್ಯಾಲೆ ಹೆಂಗ ಹೋಗತೈತಿ?" ಬೆನಕಪ್ಪನವರು ಬಿಡಲಿಲ್ಲ.

"ನಡೆದು ಹೊರಟರೆ ದಾರಿಯಲ್ಲೇ ಸಾಯುತ್ತದೆ ಅಜ್ಜಾರ. ಆದರೆ ಬಿಸಿ ಸೀಮೆಯ ಕಡಲ ಮೇಲೆ ಗುಡುಗುಮೋಡ ಏಳುತ್ತದಲ್ಲ, ಅದು ಮೆಣಸಿನಕಾಯಿ ಲಾರಿ ಇದ್ದ ಹಾಗೆ. ಕೈ ಅಡ್ಡ ಹಿಡಿದು ಹತ್ತಿದರೆ ಕೆಲವೇ ತಾಸಿನಲ್ಲಿ ಮೇಲೆ. ಲಾರಿ ಊರೊಳಗೆ ಹೋಗುವುದಿಲ್ಲ, ಅಗಸಿ ಬಾಗಿಲ ಹತ್ತಿರ ಇಳಿಸುತ್ತದೆ. ಅಲ್ಲಿಂದ ನಿಧಾನ ನಡಿಗೆ. ದಾರಿಯಲ್ಲೇ ಒಡೆದವುಗಳಲ್ಲಿ ಕೆಲವನ್ನು ಮಳೆ ಹಿಡಿದು ಕೆಳಗೆ ತರುತ್ತದೆ. ಕೆಲವು ಒಡೆದ ಮೇಲೂ ಒಳಗೆ ಹೋಗುತ್ತವೆ."

"ಒಳಗ ಹೋಗಿದ್ದನ್ನ ನೋಡಿದೋರು ಯಾರು?"

ಇದೇ ಪ್ರಶ್ನೆಗೆ ನಾನು ಹೆದರಿದ್ದೆ.

"ಅಗಸಿಯವರೆಗೆ ಬಂದದ್ದನ್ನು ವಿಮಾನದಲ್ಲಿ ಹೋಗಿ ಅಳೆದಿದ್ದಾರೆ. ಒಳಗೆ ಹೊಕ್ಕಿದ್ದನ್ನು ಒಂದೊಂದಾಗಿ ಯಾರೂ ನೋಡಿಲ್ಲ. ಆದರೆ ಒಳಗಿರುವ ಬ್ರೋಮಿನ್ ಲೆಕ್ಕ ಹೆಚ್ಚು ಬರುತ್ತದೆ. ಮದುವೆಗೆ ಕರೆದವರು ಗೊತ್ತು. ಉಂಡೆದ್ದ ಎಲೆ ಎಣಿಸಿದರೆ ಕರೆದವರಿಗಿಂತ ಜಾಸ್ತಿ. ಅಂದರೆ ಕರೆಯದವರು ಯಾರೋ ಉಂಡು ಹೋಗಿದ್ದಾರೆ. ಕಡಲ ಕಡೆಯವರೇ ಇರಬೇಕು ಎಂದು ಗುಮಾನಿ."

"ಎಷ್ಟು ಮಂದಿ?"

"ಅದು ಇನ್ನೂ ತೀರ್ಮಾನವಾಗಿಲ್ಲ. ಹೌದು ಎಂದರೆ ನಾನೇ ಸುಳ್ಳು ಹೇಳಿದಂತೆ."

ಹಿರಿಯರು ತಲೆ ಸೇರಿಸಿ ಮಾತಾಡಿದರು. ಬಹಳ ಹೊತ್ತು. ಎಲೆಯ ಬಗ್ಗೆ ಒಬ್ಬರಿಗೆ ತಕರಾರಿತ್ತು, ಅವರ ಮನೆಯ ಮದುವೆಯಲ್ಲಿ ಹಾಗೆ ಆಗಿತ್ತಂತೆ. ಕೊನೆಗೆ ಬೆನಕಪ್ಪನವರು ಕನ್ನಡಕ ಒರೆಸಿಕೊಂಡರು.

"ಮುಟ್ಟೀತು ಅಂದಾನ. ಮುಟ್ಟತೈತಿ. ಎಷ್ಟು ಅಂತ ಕಾರಣಿಕದಾಗ ನಾವೂ ಯಾವತ್ತೂ ಹೇಳಿಲ್ಲ. ಕಂಬಳಿ ಇರ್ಲಿ."

ಬೊಮ್ಮಮ್ಮ ಈ ಕಡೆ ತಿರುಗಿದರು.

"ಇನ್ನ ಉಪಾಸದ ಮಾತು," ಎಂದರು ಬೆನಕಪ್ಪನವರು. "ಉಪಾಸ ಆಗ್ಲೇಬೇಕು. ನುಡಿ ಯಾರದಲೇ ಮೈಲಪ್ಪ?"

ಮೈಲಪ್ಪ ನನ್ನನ್ನು ತೋರಿಸಿದ. ಸಂಕೋಚದಿಂದ, ಆದರೆ ತಡಮಾಡದೆ.

"ನನ್ನದೇ," ಎಂದೆ.

"ಹಂಗಾದ್ರ ಉಪಾಸ ಯಾರದು ತಾಯಿ?"

ಹಿಂದೆ ನಿಂತಿದ್ದ ಸೋಮಪ್ಪನವರು ಇನ್ನೂ ಹಿಂದಕ್ಕೆ ಸರಿದರು.

ದಸರೆಯ ಬನ್ನಿ ಹಬ್ಬದ ತನಕ ನನಗೆ ಒಪ್ಪತ್ತು. ದಿನಕ್ಕೆ ಒಂದೇ ಊಟ. ಚಹಾ ನಡೆಯುತ್ತದೆಯೇ ಎಂದು ಕೇಳಿದೆ. ಮತ್ತೆ ತಲೆ ಸೇರಿಸಿದರು. ಚಹಾ ಇರಬಹುದು, ಬಿಸ್ಕತ್ತು ಕೂಡದು.

ಇದರಲ್ಲಿ ತರ್ಕದೋಷ ಇದೆಯೇ ಎಂದು ಮನೆಯವರೆಗೂ ಹುಡುಕಿದೆ. ಸಿಗಲಿಲ್ಲ.

ಸೆಪ್ಟೆಂಬರ್ 22, ಸೋಮವಾರ

ದಾವಣಗೆರೆ ಸಂದರ್ಶನ ಯಾವತ್ತು ಎಂದು ಕಾಂತೇಶ್ ಕೇಳಿದರು. ಲೆಕ್ಕ ಹಾಕಿದೆ. ಮೊನ್ನೆ ಶನಿವಾರವೇ ಮುಗಿದಿತ್ತು. ಶನಿವಾರ ನಾನು ಕಟ್ಟೆಯಲ್ಲಿ ಹೇಳಬೇಕಾದ ಮೆಣಸಿನಕಾಯಿ ಲಾರಿಯನ್ನು ಎಲ್ಲಿ ನಿಲ್ಲಿಸಬೇಕು ಎಂದು ಯೋಚಿಸುತ್ತಿದ್ದೆ.

ಫೋನ್ ಮಾಡಿ ಇನ್ನೊಂದು ದಿನ ಕೊಡಿ ಎಂದು ಕೇಳಬೇಕು ಅಂದುಕೊಂಡೆ. ಹಸಿವಾಗಿತ್ತು, ಮರೆತೆ.

ಒಂಬತ್ತನೆಯ ತರಗತಿಗೆ ಇವತ್ತು ವಾಯುಭಾರ. ಪಾಠ ಮುಗಿದ ಮೇಲೂ ಮಕ್ಕಳು ಏನೇನೋ ಕೇಳುತ್ತಿದ್ದರು. ನಮ್ಮೂರ ಮಕ್ಕಳಿಗೆ ಬಾಯಿ ಬಂದರೆ ನಿಲ್ಲುವುದಿಲ್ಲ. ತಲೆ ನೋವು.

ಸೆಪ್ಟೆಂಬರ್ 26, ಶುಕ್ರವಾರ

ನಿನ್ನೆ ಅಮಾವಾಸ್ಯೆ ಪೂಜೆಗೆ ಮೈಲಪ್ಪ ಕಂಬಳಿ ಹೊದ್ದು ನಿಂತಿದ್ದನಂತೆ. ಬೊಮ್ಮಮ್ಮ ಹೇಳಿದರು. ಅವರು ದಿನಾ ಮಧ್ಯಾಹ್ನ ಶಾಲೆಗೇ ಬುತ್ತಿ ತರುತ್ತಾರೆ: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನಾನು ಕದ್ದು ತಿನ್ನುತ್ತೇನೆಂಬ ಅನುಮಾನವೂ ಇದೆ, ಸತ್ತುಹೋಗುತ್ತೇನೆಂಬ ಭಯವೂ ಇದೆ. ಎದುರು ಕೂತು ಕಾಯುತ್ತಾರೆ.

"ಎದ್ದು ಕೈ ತೊಳೆದ್ರ ಊಟ ಮುಗೀತು," ಎಂದು ನಿಯಮ ತಿಳಿಸಿದರು. "ಏಳೋತನ ಒಂದ ಊಟ. ಗಡಿಬಿಡಿ ಮಾಡಬ್ಯಾಡ್ರೆವ್ವ."

ನಾನು ಗಡಿಬಿಡಿ ಮಾಡುವುದಿಲ್ಲ. ನಿನ್ನೆ ಐದು ರೊಟ್ಟಿಯ ತನಕ ಏಳಲಿಲ್ಲ.

ಇವತ್ತು ಊಟಕ್ಕೆ ಮೊದಲಿನ ತರಗತಿಯಲ್ಲಿ ನನ್ನ ಹೊಟ್ಟೆ ಗುಡುಗಿದ್ದು ಕೊನೆಯ ಬೆಂಚಿಗೂ ಕೇಳಿತು. ಹೊರಗೆ ವರಾಂಡದಲ್ಲಿದ್ದ ಮೈಲಪ್ಪನಿಗೂ ಕೇಳಿರಬೇಕು. ಮರುಕ್ಷಣವೇ ಅವನು ಊಟದ ಗಂಟೆ ಹೊಡೆದ. ಸೋಮಪ್ಪನವರು ಕೋಣೆಯಿಂದ ಹೊರಬಂದು ಗೋಡೆ ಗಡಿಯಾರ ನೋಡಿದರು. ಇನ್ನೂ ಹತ್ತು ನಿಮಿಷ ಇತ್ತು. ಮೈಲಪ್ಪನನ್ನು ನೋಡಿದರು, ನನ್ನನ್ನು ನೋಡಿದರು, ಗೇಟಿನಲ್ಲಿ ಬುತ್ತಿ ಹಿಡಿದು ನಿಂತ ಬೊಮ್ಮಮ್ಮನನ್ನು ನೋಡಿದರು.

ಆಮೇಲೆ ಸ್ಟೂಲು ತರಿಸಿ, ಹತ್ತಿ ನಿಂತು, ಗಡಿಯಾರದ ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿದರು.